ಅವ್ವನ ಕುಪ್ಪಸ ಬಿಚ್ಚುವುದು ತಪ್ಪೇ?



ಧಾರೂರು, ತಾಂಡೂರು, ಜಹೀರಾಬಾದ್ ಕಡೆಯ ನಮ್ಮ ಮನೆಗಳ ಟ್ರಂಕಿನಲ್ಲಿ ಅವ್ವನ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ ಇರುವುದುಂಟು. ಮಗಳು ತೊಡಲು ಹೋದರೆ ಕುಪ್ಪಸ ಬಿಗಿ. ಬಿಚ್ಚಿ ಹೊಲಿಸೋಣವೆಂದರೆ, ಅವ್ವನ ಗುರುತಿಗೆ ಕತ್ತರಿ ಹಾಕಬೇಡಿರೆಂದು ಹಿರಿಯರು ತಡೆಯುತ್ತಾರೆ. ಯಾವುದು ಸರಿ?

ಹಿರಿಯರ ಮಾತಿನಲ್ಲಿ ಸತ್ಯವಿದೆ. ಒಮ್ಮೆ ಕತ್ತರಿಸಿದರೆ ಅವ್ವನ ಅಳತೆ ಮರಳಿ ಬಾರದು. ಆದರೆ ವರ್ಷಗಟ್ಟಲೆ ಮಡಿಚಿಟ್ಟ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಕೂತ ಸರಕು ಕೆಡುತ್ತದೆಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ.

ಜೋಡಿಸುವುದು ಅವಮಾನವೂ ಅಲ್ಲ. ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ರೇಷ್ಮೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿಯೇ ಕೂಡಿಸುತ್ತಾರೆ. ಅದರ ಹೆಸರು ನಿಂತಿರುವುದೇ ಆ ಜೋಡಣೆಯ ಮೇಲೆ.

ಬಲ್ಲ ಸಿಂಪಿಗನು ಹೊಲಿಗೆಯೊಳಗೆ ಬೆರಳಗಲ ಬಟ್ಟೆ ಬಿಟ್ಟಿರುತ್ತಾನೆ. ಮೈ ಬೆಳೆಯುವುದೆಂದು ಅವನಿಗೆ ಗೊತ್ತು. ಮೊದಲು ಅದನ್ನು ಬಿಚ್ಚಿಸಿರಿ. ಸಾಲದಿದ್ದರೆ ಕಂಕುಳಲ್ಲಿ ಬೇರೆ ತುಂಡು ಕೂಡಿಸಿರಿ. ಕತ್ತರಿ ಕೊನೆಗೆ. ಅವ್ವ ಇದ್ದರೆ ಅವಳನ್ನು, ಇಲ್ಲದಿದ್ದರೆ ಅಕ್ಕತಂಗಿಯರನ್ನೆಲ್ಲ ಮೊದಲೇ ಕೇಳಿರಿ. ಬಟ್ಟೆ ಒಬ್ಬಳ ಪಾಲಿಗೆ ಬಂದರೂ ನೆನಪು ಎಲ್ಲರದು.

ಹೊಲಿಗೆ ಬದಲಾದರೂ ತೊಟ್ಟವಳಿಗೆ ಅವ್ವ ನೆನಪಾಗುತ್ತಾಳೆ. ತೀರ ಹರಿದದ್ದು ಕೌದಿ ಸೇರಿ ಮೊಮ್ಮಕ್ಕಳನ್ನು ಬೆಚ್ಚಗಿಡಲಿ.