ತಿರುಳು ಯಾವುದು, ತಪ್ಪು ಯಾವುದು?

ಅಣ್ಣಿಗೇರಿಯವರಾದ ನಮಗೆ ಪಂಪನ ಮೇಲೆ ತುಸು ಹೆಚ್ಚಿನ ಸಲಿಗೆ. ಅವನ ತಾಯಿಯ ಕಡೆಯವರು ಈ ಊರಿನವರು. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದ ಅವನು ತನ್ನ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ. ಪುಲಿಗೆರೆಯೆಂದರೆ ನಮಗೆ ಹತ್ತಿರದ ಲಕ್ಷ್ಮೇಶ್ವರ. ಹೀಗೆ ಹಸ್ತಿನಾಪುರದ ದುರ್ಯೋಧನನೂ ಪಾಂಚಾಲದ ದ್ರೌಪದಿಯೂ ಈ ಸೀಮೆಯ ಕನ್ನಡವನ್ನೇ ಆಡಿದರು.

ಪಂಪ ತನ್ನ ಕಾವ್ಯಲೋಕಕ್ಕೆ ಇದ್ದ ನುಡಿಯನ್ನು ಕೊಟ್ಟ. ತನ್ನ ಕಥಾಲೋಕಕ್ಕೆ ಇಲ್ಲದ ಭಾಷೆಗಳನ್ನೇ ಹುಟ್ಟಿಸಿದವನು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್. ಅವನ ಎಲ್ಫ್ ಜನರಲ್ಲಿ ಕೆಲವರು ಕಡಲಾಚೆ ಹೋದರು, ಕೆಲವರು ಈಚೆಗೇ ಉಳಿದರು. ಒಂದೇ ಮೂಲದ ಮಾತು ಕಾಲಾಂತರದಲ್ಲಿ ಎರಡಾಯಿತು: ಹೋದವರದು ಕ್ವೆನ್ಯ, ಉಳಿದವರದು ಸಿಂದಾರಿನ್. ಉಳಿದವರ ಮಾತನ್ನು ಅವನು ಕೆಟ್ಟುಹೋದ ಕ್ವೆನ್ಯ ಎನ್ನಲಿಲ್ಲ. ಅದಕ್ಕೂ ಅದರದೇ ವ್ಯಾಕರಣ ಕೊಟ್ಟ.

ಇಲ್ಲದ ಜನರಿಗೆ ಸಿಕ್ಕ ಈ ಮರ್ಯಾದೆ ಇರುವ ಜನರಿಗೆ ಸಿಗುತ್ತದೆಯೇ? ನಾನು ಕಲಿತ ಶಾಲೆಯಲ್ಲಿ ಮಾಸ್ತರರು "ನಿನ್ನೆ ಯಾಕ ಬರಲಿಲ್ಲಲೇ?" ಎಂದು ಕೇಳುತ್ತಿದ್ದರು. "ಆರಾಮ ಇರಲಿಲ್ರೀ" ಎಂದು ಬರೆದುಕೊಟ್ಟರೆ ಅದೇ ಮಾಸ್ತರರು ಕೆಂಪು ಗೆರೆ ಎಳೆದು 'ಅಶುದ್ಧ' ಎನ್ನುತ್ತಿದ್ದರು. ಬರಹಕ್ಕೆ ಒಂದು ಸಮಾನ ರೂಪ ಬೇಕು, ಒಪ್ಪುತ್ತೇನೆ. ಅಣ್ಣಿಗೇರಿಯ ಅರ್ಜಿಯನ್ನು ಮಂಗಳೂರಿನವರೂ ಓದಬೇಕಲ್ಲ. ಆದರೆ 'ಇದು ಬೇರೆ' ಎನ್ನುವುದಕ್ಕೂ 'ಇದು ತಪ್ಪು' ಎನ್ನುವುದಕ್ಕೂ ಅಂತರವಿದೆ. ತಪ್ಪೆಂದಾಗ ಹುಡುಗನ ಜೊತೆಗೆ ಆ ಮಾತು ಕಲಿಸಿದ ಅವ್ವನೂ ತಪ್ಪಿತಸ್ಥಳಾಗುತ್ತಾಳೆ.

9ನೆಯ ಶತಮಾನದ 'ಕವಿರಾಜಮಾರ್ಗ' ತಿರುಳಿನ ಸೀಮೆಯನ್ನು ಗುರುತಿಸಿತು, ನಿಜ. ಆದರೆ ದೇಸಿ ಬೇರೆ ಬೇರೆಯಾದ್ದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಹೇಳಲು ವಾಸುಕಿಗೂ ಆಗದೆಂದು ಅದೇ ಹೇಳಿತು. ಅಂದು ತಿರುಳೆನಿಸಿದ ಸೀಮೆಯ ಮಾತು ಇಂದು ಅಶುದ್ಧವೆನಿಸಿದರೆ, ಕೆಟ್ಟದ್ದು ಮಾತಲ್ಲ. ಆಳುವವರ ಗಾದಿ ಊರು ಬದಲಿಸಿದೆ, ಅಷ್ಟೇ. ಹುಡುಗರಿಗೆ ಬರಹದ ಕನ್ನಡ ಕಲಿಸೋಣ, ಮನೆಯ ಕನ್ನಡದ ಮರ್ಯಾದೆ ಕಳೆಯದೆ.