ಎಸೆದದ್ದು ತಟ್ಟೆಗೆ ಬಂದಾಗ
ತುರ್ಭೆಯಲ್ಲಿ ದುಡಿಯುವ ನಮಗೆ ಅನ್ನದ ಎರಡೂ ತುದಿಗಳು ಗೊತ್ತು. ಒಂದೆಡೆ ಮುಂಬಯಿಗೆ ತರಕಾರಿ, ಹಣ್ಣು ಹಂಚುವ ಎಪಿಎಂಸಿ ಮಾರುಕಟ್ಟೆ. ಇನ್ನೊಂದೆಡೆ ನವಿ ಮುಂಬಯಿಯ ಕಸ ಸೇರುವ ಜಾಗ. ನಡುವೆ ನಮ್ಮ ಅಡುಗೆಮನೆ. ಕಸದ ಬಕೆಟ್ ಬಾಗಿಲಾಚೆ ಇಟ್ಟರೆ ಹೊಣೆಯೂ ಮುಗಿಯಿತು ಎಂಬುದು ನಮ್ಮ ಲೆಕ್ಕ.

ಅಣಬೆ ಈ ಲೆಕ್ಕ ಒಪ್ಪುವುದಿಲ್ಲ. ಕಾಫಿ ಚರಟ, ರಟ್ಟು, ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಿಸಿನೀರಲ್ಲಿ ಹದಮಾಡಿ, ಅಣಬೆ ಬೀಜ ಬೆರೆಸಿ ಚೀಲದಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಆಯ್ಸ್ಟರ್ ಅಣಬೆ ಮೂಡುತ್ತದೆ. ಅದರ ಎಳೆಗಳು ಮರದ ಗಟ್ಟಿ ನಾರನ್ನೂ ಜೀರ್ಣಿಸಬಲ್ಲವು. ಆದರೆ ಕ್ಯಾಡ್ಮಿಯಂನಂಥ ಲೋಹವನ್ನು ಅವು ಇಲ್ಲವಾಗಿಸಲಾರವು. ಹೀರಿ ಅಣಬೆಯಲ್ಲೇ ಕೂಡಿಡುತ್ತವೆ. ಹಸಿ ಕಸಕ್ಕೆ ಜಾರಿದ ಹಳೆಯ ಬ್ಯಾಟರಿಯ ವಿಷ ತಟ್ಟೆಗೆ ಮರಳಬಹುದು.

ಈ ಅಣಬೆಯನ್ನು ‘ಮದ್ದು’ ಎಂದು ನೆರೆಮನೆಗೆ ಕೊಡಬಹುದೇ? ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಇದರಲ್ಲೂ ಇದೆ, ನಿಜ. ಅದೇ ವಸ್ತು 1987ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಅನುಮತಿ ಪಡೆದದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಚೀಲದ ಅಣಬೆಗೆ ಆ ಅಳತೆಯಿಲ್ಲ. ಒಳ್ಳೆಯ ಮನಸ್ಸು ಅಳತೆಗೆ ಬದಲಿಯಲ್ಲ.

ಹಾಗೆಂದು ಬೆಳೆಯಬಾರದೇ? ಬೆಳೆಯೋಣ, ಅಡುಗೆಗೆಂದು ಬೆಳೆಯೋಣ. ಅದಕ್ಕೂ ಮೊದಲು ಕಸವನ್ನು ನಮ್ಮ ಕೈಯಾರೆ ಬೇರ್ಪಡಿಸೋಣ. ಇಂದು ನಾವು ಬೆರೆಸಿದ್ದನ್ನು ಬೇರ್ಪಡಿಸುವುದು ಚಿಂದಿ ಆಯುವವರ ಬರಿಗೈ. ಅಲ್ಲಿನ ವಿಷವೂ ಅವರ ಪಾಲಿಗೇ. ಅದೇ ಬಕೆಟ್ ನಮ್ಮ ಮಗುವಿನ ಊಟವಾಗುವುದಾದರೆ ಎಷ್ಟು ಎಚ್ಚರ ವಹಿಸುತ್ತೇವೋ, ಅಷ್ಟು ಎಚ್ಚರಕ್ಕೆ ಅವರೂ ಹಕ್ಕುದಾರರಲ್ಲವೇ?