ಮುಟ್ಟದೆ ಮಾಡಿದುದು

ಕೆಲವು ವರ್ಷಗಳ ಹಿಂದೆ ಆಲ್ದೂರಿನ ನನ್ನ ತೋಟದ ಪೂರ್ವದ ಬೇಲಿಯಂಚಿನಲ್ಲಿದ್ದ ನಾಲ್ಕು ನೆರಳಿನ ಮರಗಳನ್ನು ಕಡಿಸಿದೆನು. ಮರಗಳು ನನ್ನವು, ನೆಲವೂ ನನ್ನದು. ಮುಂದಿನ ಬೇಸಗೆಯಲ್ಲಿ ಬೇಲಿಯಾಚೆಯ ನೆರೆಯವರ ಅರೇಬಿಕಾ ಸಾಲು ಇಳಿಬಿಸಿಲಿಗೆ ಸಿಕ್ಕಿ ಬೆಂದಿತು. ಅನಂತರ ಬಿಳಿ ಕಾಂಡಕೊರಕವೂ ಹೊಕ್ಕಿತು. ಅವರು ಬಂದು ಕೇಳಿದಾಗ, "ನಿಮ್ಮ ಗಿಡವನ್ನು ನಾನು ಮುಟ್ಟಿಲ್ಲವಲ್ಲ!" ಎಂದೆನು. ಆ ಉತ್ತರವು ನ್ಯಾಯವಾದುದೆಂದೇ ಬಹುಕಾಲ ನಂಬಿದ್ದೆನು.

ಆ ನಂಬಿಕೆಯನ್ನು ಕದಲಿಸಿದುದು ಭೌತವಿಜ್ಞಾನದ ಒಂದು ಸಂಗತಿ. ಪರಮಾಣುವಿನ ಶಕ್ತಿಯ ಮೆಟ್ಟಿಲುಗಳು ಅದರ ಹುಟ್ಟುಗುಣವೆಂದು ನಾವು ಓದಿದ್ದೇವೆ. ಲೋಹದ ಗೋಡೆಯೊಂದು ಸಮೀಪದಲ್ಲಿದ್ದ ಮಾತ್ರಕ್ಕೇ ಆ ಶಕ್ತಿಯು ಎಷ್ಟು ಬದಲಾಗುವುದೆಂಬುದನ್ನು, ಬೆಳಕು ಹೋಗಿಬರುವ ಕಾಲವನ್ನೂ ಎಣಿಸಿ, 1948ರಲ್ಲಿ ಹಾಲೆಂಡಿನ ಕ್ಯಾಸಿಮಿರ್ ಮತ್ತು ಪೋಲ್ಡರ್ ಎಂಬ ವಿದ್ವಾಂಸರು ಲೆಕ್ಕಹಾಕಿದರು. 1992ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಕೂದಲೆಳೆಗಿಂತಲೂ ಬಹು ಕಿರಿದಾದ ಅಂತರದಲ್ಲಿ ಎರಡು ಚಿನ್ನದ ಕನ್ನಡಿಗಳನ್ನಿರಿಸಿ, ನಡುವೆ ಸೋಡಿಯಂ ಪರಮಾಣುಗಳನ್ನು ಹಾಯಿಸಿ, ಲೇಸರ್ ಬೆಳಕಿನಿಂದ ಅಳೆದರು. ಕನ್ನಡಿಗಳು ಹತ್ತಿರವಾದಂತೆ ಮೆಟ್ಟಿಲು ಕದಲಿತು. ಅಂತರವು ಅರ್ಧವಾದರೆ ಕದಲಿಕೆ ಎಂಟರಷ್ಟು! ಪರಮಾಣುವಿನೊಳಗಿನ ವಿದ್ಯುತ್ಕಣಗಳ ಅಲುಗಾಟಕ್ಕೆ ಲೋಹದಲ್ಲಿ ಪ್ರತಿಬಿಂಬದಂತೆ ಮತ್ತೊಂದು ಅಲುಗಾಟವೇಳುತ್ತದೆ. ಅದು ಹಿಂದಿರುಗಿ ಪರಮಾಣುವನ್ನೇ ಎಳೆಯುತ್ತದೆ. ಮುಟ್ಟಬೇಕಾದುದೇ ಇಲ್ಲ.

ಗೋಡೆಯಿಲ್ಲದ ಬಯಲಿನಲ್ಲಾದರೂ ಪರಮಾಣುವು ತನ್ನ ನಿಜಸ್ಥಿತಿಯಲ್ಲಿರುವುದಲ್ಲವೇ ಎಂದು ವಾಚಕರು ಕೇಳಬಹುದು. ಅದೂ ಇಲ್ಲ. 1947ರಲ್ಲಿ ಲ್ಯಾಂಬ್ ಎಂಬವರೂ ಅವರ ಸಂಗಡಿಗರೂ ಜಲಜನಕದಲ್ಲಿ ಕಂಡ ಕಿರಿದಾದ ಕದಲಿಕೆಗೆ, ಬರಿದೆಂದು ನಾವು ಕರೆಯುವ ಆಕಾಶದ ನಿಲ್ಲದ ಕಂಪನವೇ ಮುಖ್ಯ ಕಾರಣ. ಗೋಡೆಯು ಆ ಕಂಪನಗಳಲ್ಲಿ ಕೆಲವಕ್ಕೆ ಎಡೆಗೊಟ್ಟು ಕೆಲವನ್ನು ತಡೆಯುತ್ತದೆ, ಅಷ್ಟೆ. ನೆರೆಯಿಲ್ಲದ ಸ್ವಭಾವವೆಂಬುದು ಕಾಗದದ ಮೇಲಿನ ಸಂಖ್ಯೆ.

ಇಲ್ಲಿಂದ ನೀತಿಗೆ ನೆಗೆಯುವುದು ಅಪಾಯವೆಂದು ಬಲ್ಲೆನು. ಗೋಡೆಗೆ ಇಚ್ಛೆಯಿಲ್ಲ, ಅದನ್ನು ದೂಷಿಸುವವರಾರು? ನನಗಾದರೋ ಇಚ್ಛೆಯಿತ್ತು, ಸೂರ್ಯನು ಯಾವ ಕಡೆ ಇಳಿಯುವನೆಂಬ ತಿಳಿವೂ ಇತ್ತು. ಹಾಗೆಂದು ಎಲ್ಲ ಪರಿಣಾಮಕ್ಕೂ ಹೊಣೆ ಹೊರುವುದಾದರೆ ತೋಟಗಾರನು ಒಂದು ಕೊಂಬೆಯನ್ನೂ ಸವರಲಾರನು. ದೂರ ಹೆಚ್ಚಿದಂತೆ ಗೋಡೆಯ ಪ್ರಭಾವವು ಬೇಗನೆ ಕ್ಷೀಣಿಸುವ ಹಾಗೆ, ನಮ್ಮ ಹೊಣೆಯೂ ಬೇಲಿಯ ಬಳಿ ಭಾರವಾಗಿ ಊರಾಚೆ ಹಗುರವಾಗುವುದೆನ್ನಬಹುದೇನೋ. (ಬೆಟ್ಟದ ಹಳ್ಳದ ನೀರಿಗೆ ಮಾತ್ರ ಈ ಮಾತು ಸಲ್ಲದು.) ವಿಜ್ಞಾನವು ನನ್ನ ತಪ್ಪನ್ನು ಸಾಧಿಸಿ ತೋರಿಸಲಿಲ್ಲ, ನಾನು ಹಿಡಿದಿದ್ದ ನೆಪವನ್ನು ಕೈಯಿಂದ ಕಿತ್ತುಕೊಂಡಿತು.

ಈ ಮಳೆಗಾಲದಲ್ಲಿ ಬೇಲಿಯಂಚಿಗೆ ಸಿಲ್ವರ್ ಓಕ್ ಸಸಿಗಳನ್ನು ನೆಡಿಸಿದ್ದೇನೆ. ಅವು ನೆರಳು ಕೊಡುವುದರೊಳಗಾಗಿ ನೆರೆಯವರು ಆ ಸಾಲನ್ನು ಹೊಸದಾಗಿ ನೆಡಬೇಕಾದೀತು. ಅದರ ಖರ್ಚಿನ ಮಾತೆತ್ತಲು ನಾಳೆ ಅವರಲ್ಲಿಗೆ ಹೋಗಬೇಕು.